ನೆನೆಸಿದರೆ ಮೂರೇ ಸೀಟಿ

ಕಲಬುರಗಿಯಲ್ಲಿ ನಮ್ಮದೊಂದು ಚಿಕ್ಕ ದಾಲ್ ಮಿಲ್ ಇದೆ. ಬೆಂಗಳೂರು, ಪುಣೆ, ಹೈದರಾಬಾದಿನ ಮನೆಗಳಿಗೆ ನೇರವಾಗಿ ತೊಗರಿಬೇಳೆ ಕಳುಹಿಸುತ್ತೇವೆ. ಹೊಸ ಬೇಳೆ ಬಂದಾಗ ಗ್ರಾಹಕರಿಗೆ ಇಮೇಲ್ ಬರೆಯುವ ಕೆಲಸ ನನ್ನದು. ಮೊದಲ ವರ್ಷ ಕಳುಹಿಸಿದವರ ಹೆಸರಿನ ಜಾಗದಲ್ಲಿ ‘ಮಾರಾಟ ವಿಭಾಗ’ ಎಂದಿತ್ತು, ವಿಷಯದ ಸಾಲಿನಲ್ಲಿ ‘ಭರ್ಜರಿ ಕೊಡುಗೆ!!! ತ್ವರೆ ಮಾಡಿ’. ಒಬ್ಬರೂ ಉತ್ತರ ಬರೆಯಲಿಲ್ಲ.

ಕಾರಣ ತಿಳಿದದ್ದು ಬೆಂಗಳೂರಿನಲ್ಲಿ, ವೈನಿಯ, ಅಂದರೆ ಅತ್ತಿಗೆಯ, ಪಕ್ಕ ಕುಳಿತಿದ್ದಾಗ. ಅವರು ಚಹಾ ಕುಡಿಯುತ್ತ ಮೊಬೈಲಿನಲ್ಲಿ ಇಮೇಲ್ ನೋಡುತ್ತಿದ್ದರು. ಹೆಬ್ಬೆರಳು ಸರಸರನೆ ಸರಿಯುತ್ತಿತ್ತು. ಕಣ್ಣು ಮಾತ್ರ ದಪ್ಪಕ್ಷರದ ಹೆಸರುಗಳ ಮೇಲಿತ್ತು. ಬ್ಯಾಂಕು, ಮಗನ ಶಾಲೆ, ಅವರ ತಮ್ಮ: ಈ ಮೂರು ಕಡೆ ಬೆರಳು ನಿಂತಿತು. ‘ಮಾರಾಟ ವಿಭಾಗ’ವನ್ನು ಅಳಿಸಿಯೇ ಬಿಟ್ಟರು.

“ವೈನಿ, ಅದು ನಮ್ಮದೇ!” ಎಂದೆ.

“ನಿನ್ನ ಹೆಸರೇ ಇಲ್ಲವಲ್ಲಪ್ಪ” ಎಂದರು.

ಊರಿಗೆ ಬಂದವನೇ ನನ್ನ ಹೆಸರು, ಅದರ ಮುಂದೆ ‘ಕಲಬುರಗಿ ತೊಗರಿ’ ಎಂದು ಹಾಕಿದೆ. ಅಂದಿನಿಂದ ಅದನ್ನು ಬದಲಿಸಿಲ್ಲ. ಹೆಸರು ಕಣ್ಣಿಗೆ ಪಳಗಲು ಕಾಲ ಬೇಕು. ಉತ್ತರ ಬರೆದರೆ ನನಗೇ ತಲುಪುವ ವಿಳಾಸ ಕೊಟ್ಟೆ. ಸ್ವಂತ ಡೊಮೇನಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳನ್ನೂ ಸೇರಿಸಿದೆ; ಪತ್ರ ನಿಜಕ್ಕೂ ನಮ್ಮಿಂದಲೇ ಬಂದದ್ದೇ ಎಂದು ಪರೀಕ್ಷಿಸಲು ನೆರವಾಗುವ ಗುರುತುಗಳಿವು. ದಿನಕ್ಕೆ 5,000ದಷ್ಟು ಪತ್ರ ಕಳುಹಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮವು ಅಷ್ಟಿಲ್ಲ, ಆದರೂ ಮಾಡಿದೆ.

ವಿಷಯದ ಸಾಲಿಗೆ ಹೆಚ್ಚು ತಿಣುಕಿದೆ. ಕನ್ನಡದ ಅಕ್ಷರಗಳು ಅಗಲ. ಫೋನಿನಲ್ಲಿ ನಾಲ್ಕೈದು ಪದಕ್ಕೇ ಸಾಲು ತುಂಡಾಗುತ್ತದೆ. ಒಮ್ಮೆ ‘ನಮ್ಮ ಎಲ್ಲ ಆತ್ಮೀಯ ಗ್ರಾಹಕ ಬಂಧುಗಳಿಗೆ’ ಎಂಬಲ್ಲಿಗೇ ಜಾಗ ಮುಗಿದು ಬೇಳೆಯ ಮಾತೇ ಬರಲಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ (ಜಿಐ, ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಮಾನ್ಯತೆ) ಹೆಮ್ಮೆಯನ್ನೂ ಪತ್ರದ ಒಳಗೆ ಇಳಿಸಿದೆ. ಅಡುಗೆ ಮಾಡುವವರು ಮೊದಲು ಕೇಳುವುದು, ಬೇಳೆ ಚೆನ್ನಾಗಿ ಬೇಯುತ್ತದೆಯೇ ಎಂದು.

ಹಾಗಾಗಿ ‘ಮೂರೇ ಸೀಟಿಗೆ ಬೇಯುವ ಹೊಸಬೇಳೆ’ ಎಂದು ಬರೆದೆ. ಕಳುಹಿಸುವ ಮುನ್ನ ಮನೆಯ ಕುಕ್ಕರಿನಲ್ಲಿ ಇಟ್ಟು ನೋಡಿದರೆ ಐದು ಸೀಟಿ ಬೇಕಾಯಿತು. ಮರುದಿನ ನೆನೆಸಿ ಇಟ್ಟೆ, ಮೂರಕ್ಕೆ ಬೆಣ್ಣೆಯಂತೆ ಬೆಂದಿತು. ಸಾಲನ್ನು ತಿದ್ದಿದೆ: ‘ನೆನೆಸಿದರೆ ಮೂರೇ ಸೀಟಿ: ಹೊಸಬೇಳೆ’. ದರ, ತೂಕ ವಿಷಯದ ಜೊತೆಗೇ ಕಾಣುವ ಪೂರ್ವನೋಟದ ಸಾಲಿಗೆ ಹೋದವು.

ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. 2021ರಿಂದ ಆ್ಯಪಲ್ ಮೇಲ್‌ನ ಗೌಪ್ಯತಾ ವ್ಯವಸ್ಥೆ ಓದದ ಪತ್ರವನ್ನೂ ತೆರೆದಂತೆ ತೋರಿಸುತ್ತದೆ. ನಾನು ಉತ್ತರಗಳನ್ನು ಎಣಿಸುತ್ತೇನೆ. ಆ ಸಲ ಮೊದಲ ಉತ್ತರ ಪುಣೆಯ ಅಜ್ಜಿಯೊಬ್ಬರದು: “ಎಷ್ಟು ಹೊತ್ತು ನೆನೆಸಬೇಕು?” ಅರ್ಧ ಗಂಟೆ ಸಾಕು ಎಂದು ಬರೆದೆ. ಮುಂದಿನ ಪತ್ರದ ವಿಷಯದ ಸಾಲಿಗೆ ಅವರ ಪ್ರಶ್ನೆಯನ್ನೇ ಇಟ್ಟೆ.