ಅವ್ವನ ಕೂಲಿ ಎಲ್ಲಿ ಬರೆಯೋದು?

ಕೊಪ್ಪಳದಲ್ಲಿ ಪದವಿ ಹುಡುಗರಿಗೆ ಉದ್ಯಮಶೀಲತೆ ಪಾಠ ಮಾಡುತ್ತೇನೆ. ಮೊದಲ ಎರಡು ವರ್ಷ ಹೊರಗಿನವರೊಬ್ಬರ ಭಾಷಣ, ಆಮೇಲೆ ಬಿಸಿನೆಸ್ ಪ್ಲಾನ್ ಸ್ಪರ್ಧೆ. ಬಂದದ್ದೆಲ್ಲ ಮೊಬೈಲ್ ಆ್ಯಪ್‌ಗಳೇ. ಬಹುಮಾನ ಕೊಟ್ಟೆವು. ಒಬ್ಬರೂ ಏನೂ ಶುರು ಮಾಡಲಿಲ್ಲ. ಅದು ನನಗೆ ತುಂಬಾ ಚುಚ್ಚಿತು.

ಮೂರನೇ ವರ್ಷ ಸ್ಪರ್ಧೆ ಬಿಟ್ಟೆ. 'ನಿಮ್ಮ ಮನೆ, ಓಣಿಯಲ್ಲಿ ನಡೆಯೋ ಒಂದು ವ್ಯಾಪಾರದ ಲೆಕ್ಕ ಒಂದು ತಿಂಗಳು ಬರೆದು ತನ್ನಿ' ಎಂದೆ. ನಮ್ಮ ಕಡೆ ಅದಕ್ಕೇನು ಬರ? ಕಿನ್ನಾಳದ ಗೊಂಬೆಗಳಿವೆ, ಗಂಗಾವತಿಯ ಅಕ್ಕಿ ಗಿರಣಿಗಳಿವೆ, ಪಕ್ಕದ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ.

ಒಬ್ಬ ಹುಡುಗಿ ಅವ್ವನ ಖಡಕ್ ರೊಟ್ಟಿ ಲೆಕ್ಕ ತಂದಳು. ಒಂದು ಕಿಲೋ ಜೋಳಕ್ಕೆ 50 ರೂಪಾಯಿ, ಬೀಸಿದ್ದಕ್ಕೆ 6, ಗ್ಯಾಸಿಗೆ 20. ಆದದ್ದು 20 ರೊಟ್ಟಿ. ಅಂಗಡಿಯವರು ಕೊಡೋದು ಒಂದಕ್ಕೆ 5 ರೂಪಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಲಾಭ 24'.

"ಬಡಿದು ಬೇಯಿಸೋಕೆ ಎಷ್ಟು ಹೊತ್ತು?" ಎಂದು ಕೇಳಿದೆ.

"ಒಂದೂವರೆ ತಾಸು ರೀ ಸರ್. ಅವ್ವನ ಕೂಲಿ ಎಲ್ಲಿ ಬರೀಬೇಕ್ರಿ?"

ತಾಸಿಗೆ 16 ರೂಪಾಯಿ ಬಿತ್ತು. ಇಡೀ ತರಗತಿ ಸುಮ್ಮನಾಯಿತು. ಆ ದಿನ ಪುಸ್ತಕ ತೆಗೆಯಲೇ ಇಲ್ಲ.

ಮುಂದಿನ ಎರಡು ವಾರ ಆ ರೊಟ್ಟಿಯೇ ನಮ್ಮ ಪಾಠ. ಹಾಸ್ಟೆಲ್‌ಗೆ ನೇರವಾಗಿ 8 ರೂಪಾಯಿಯಂತೆ ಕೊಟ್ಟು ನೋಡಿದರು. ಮೊದಲ ಸಲ ಆಟೋದಲ್ಲಿ ಅರ್ಧ ರೊಟ್ಟಿ ಪುಡಿಯಾಯಿತು. ಒಬ್ಬ ಹುಡುಗ ಬಟ್ಟೆ ಅಂಗಡಿಯಿಂದ ಗಟ್ಟಿ ರಟ್ಟಿನ ಡಬ್ಬಿ ತಂದ, ರೊಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಒತ್ತಾಗಿ ತುಂಬಿದ. ಎರಡನೇ ಸಲ ಮುರಿದದ್ದು ಮೂರೇ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ, ಮೊಬೈಲಿನಲ್ಲೇ ಮಾಡಿಸಿದೆವು. ಆಹಾರ ಸುರಕ್ಷತೆ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ. ಎರಡೂ ಅವ್ವನ ಹೆಸರಿನಲ್ಲೇ ಆಗಬೇಕೆಂದು ಹಟ ಹಿಡಿದವಳು ಮಗಳೇ.

ಅಂಕ ಕೊಡುವುದು ಜಾಸ್ತಿ ಕಷ್ಟವಾಯಿತು. ಲಾಭ ಬಂದವರಿಗೆ ಹೆಚ್ಚು ಅಂಕ ಕೊಟ್ಟರೆ ಹುಡುಗರು ಸುಳ್ಳು ಲೆಕ್ಕ ಬರೀತಾರೆ, ಅಲ್ವಾ? ಹಾಗಾಗಿ ನಷ್ಟವನ್ನು ಸರಿಯಾಗಿ ಬರೆದು ಕಾರಣ ಹೇಳಿದವರಿಗೂ ಪೂರ್ತಿ ಅಂಕ ಕೊಟ್ಟೆ. ತಳ್ಳುಗಾಡಿಯಲ್ಲಿ ಪೇರಲಹಣ್ಣು ಮಾರಿ 340 ರೂಪಾಯಿ ಕಳೆದುಕೊಂಡವನ ನೋಟ್‌ಬುಕ್ ಈಗಲೂ ನನ್ನ ಹತ್ತಿರವಿದೆ. ಯಾವ ದಿನ ಎಷ್ಟು ಹಣ್ಣು ಕೊಳೆಯಿತು ಎಂದು ಅವನಷ್ಟು ಚೆನ್ನಾಗಿ ಯಾರೂ ಬರೆದಿಲ್ಲ.

ಈ ವರ್ಷದ ನೋಟ್‌ಬುಕ್ ಹಂಚಿಯಾಗಿದೆ. 'ಮನೆಯವರ ದುಡಿಮೆ, ಎಷ್ಟು ತಾಸು' ಅನ್ನೋ ಕಾಲಮ್‌ಗೆ ನಾನೇ ಗೆರೆ ಎಳೆದು ಕೊಟ್ಟಿದ್ದೇನೆ.