ಎಂಸಿಬಿ ಟ್ರಿಪ್ ಆಗದಿದ್ದರೂ ವೈರ್‌ಗೆ ಬೆಂಕಿ ಬೀಳಬಹುದು: ಮನೆಯಲ್ಲಿ ಏನೇನು ನೋಡಬೇಕು?

ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಟ್ರಿಪ್ ಆಗುವ, ಅಂದರೆ ಆಫ್ ಆಗುವ ಸ್ವಿಚ್) ಹಾಕಿಸಿದ್ದೇವೆ, ಇನ್ನೇನು ಭಯ ಅಂತ ಬಹಳ ಜನ ಸುಮ್ನೆ ಇದ್ದುಬಿಡುತ್ತಾರೆ. ಎಂಸಿಬಿ ಬೇಕೇ ಬೇಕು. ಆದರೆ ಅದು ನೋಡುವುದು ಕರೆಂಟ್ ಮಿತಿ ಮೀರಿತಾ ಅನ್ನುವುದನ್ನು ಮಾತ್ರ. ಪ್ಲಗ್ ಪಾಯಿಂಟಿನ ಹಿಂದೆ ಒಂದು ಸ್ಕ್ರೂ ಸಡಿಲವಾಗಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಹರಿಯುವ ಕರೆಂಟ್ ಎಂದಿನಷ್ಟೇ ಇರುತ್ತದೆ, ಆ ಒಂದು ಜಾಗ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ.

ವೈರಿನ ಮೇಲಿರುವ ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದರಾಚೆ ದಿನಾ ಕಾದರೆ ಗಡುಸಾಗಿ ಬಿರುಕು ಬಿಡುತ್ತದೆ. ಇನ್ನೂ ಕಾದರೆ ಕರಕಲಾಗುತ್ತದೆ, ಆ ಕರಕಲಿನ ಮೇಲೇ ಕರೆಂಟ್ ಹರಿದು ಕಿಡಿ ಹಾರುತ್ತದೆ. ಪಿವಿಸಿ ತಾನಾಗಿ ಧಗಧಗ ಉರಿಯುವುದು ಕಡಿಮೆ. ಪಕ್ಕದ ಮರದ ಬೋರ್ಡು, ಪರದೆ ಹೊತ್ತಿಕೊಳ್ಳುತ್ತವೆ. ಸುಟ್ಟ ಪಿವಿಸಿಯಿಂದ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣು, ಗಂಟಲನ್ನು ಉರಿಸಿ ಹೊರಗೆ ಓಡುವುದನ್ನೇ ಕಷ್ಟ ಮಾಡುತ್ತದೆ.

ಮೊದಲು ಮೂಗು, ಕಣ್ಣು, ಕೈ ಬಳಸಿ. ಗೀಸರ್ ಅಥವಾ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೊತ್ತು ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಹಿಡಿಯಲಾರದಷ್ಟು ಬಿಸಿಯಾಗಿದ್ದರೆ ಆ ಪಾಯಿಂಟ್ ಬಳಸಬೇಡಿ. ಸಾಕೆಟ್ ತೂತಿನ ಸುತ್ತ ಕಂದು ಕಲೆ, ಸ್ವಿಚ್ಚಿನಲ್ಲಿ ಚರ್‌ ಚರ್‌ ಸದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಇವುಗಳಲ್ಲಿ ಒಂದಿದ್ದರೂ ಸಾಕು, ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಆಮೇಲೆ ಲೆಕ್ಕ. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟ್ ಇಂಡಕ್ಷನ್ ಸ್ಟವ್, 1500 ವ್ಯಾಟ್ ಕೆಟಲ್ ಎರಡೂ ಸೇರಿದರೆ 15 ಆಂಪಿಯರ್ ದಾಟುತ್ತದೆ. ಇವೆರಡನ್ನೂ 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಹಿಂದೆ 16 ಆಂಪಿಯರಿನ ಎಂಸಿಬಿ ಇದ್ದರೆ ಅದು ಟ್ರಿಪ್ ಆಗುವುದೇ ಇಲ್ಲ, ಬಾಕ್ಸಿನ ಸಣ್ಣ ವೈರು ಮಾತ್ರ ಸುಡುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಅದು ನೆನಪಿರಲಿ.

ಬೋರ್ಡ್ ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ, ಅದೂ ಮೇನ್ ಆಫ್ ಮಾಡಿ ಟೆಸ್ಟರ್ ಇಟ್ಟು ನೋಡಿದ ಮೇಲೆ. ನೀವು ಪಕ್ಕದಲ್ಲಿ ನಿಂತು ಎಲ್ಲ ಸ್ಕ್ರೂ ಬಿಗಿ ಮಾಡಿಸಿ. ತೂತಿಗೆ ತೂರುವುದಿಲ್ಲ ಅಂತ ತಂತಿಯ ಕೆಲವು ಎಳೆ ಕತ್ತರಿಸಿದ್ದರೆ ಒಪ್ಪಬೇಡಿ. ಬರೀ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಕನೆಕ್ಟರ್ ಹಾಕಿಸಿ. ಹಳೇ ಮನೆಯ ಅಲ್ಯೂಮಿನಿಯಂ ವೈರಿನ ತುದಿಗಳು ಬೇಗ ಸಡಿಲವಾಗುತ್ತವೆ, ಅಲ್ಲಿ ಜಾಸ್ತಿ ಗಮನ ಕೊಡಿ.

ಪದೇ ಪದೇ ಟ್ರಿಪ್ ಆಗುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸುವುದು ತುಂಬಾ ಅಪಾಯ. ಹಾಗೆ ಮಾಡಿದರೆ ಎಂಸಿಬಿಗಿಂತ ಮೊದಲು ಗೋಡೆಯೊಳಗಿನ ವೈರು ಸುಡುತ್ತದೆ.

ಹೊಸ ವೈರು ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 694 (ವೈರಿನ ಗುಣಮಟ್ಟದ ಸಂಖ್ಯೆ) ಅಂತ ಇದೆಯಾ ನೋಡಿ. ಎಫ್ಆರ್ ಅಂದರೆ ಬೆಂಕಿ ಹರಡುವುದನ್ನು ತಡೆಯುವ ವೈರು, ಸುಡದ ವೈರಲ್ಲ. ಮಾಮೂಲಿಯಾಗಿ ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ ದಪ್ಪದ ವೈರು, 16 ಆಂಪಿಯರ್ ಪಾಯಿಂಟಿಗೆ 2.5, ಎಸಿಗೆ 4 ಹಾಕುತ್ತಾರೆ.

ಬೋರ್ಡಿನಲ್ಲಿ ಬೆಂಕಿ ಕಂಡರೆ ನೀರು ಎರಚಬೇಡಿ. ಕೈಗೆಟುಕಿದರೆ ಮೇನ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಬೆಂಕಿ ತಾನಾಗಿ ಆರಿದರೂ ಸುಟ್ಟ ವೈರು ಬದಲಾಯಿಸುವ ತನಕ ಆ ಲೈನ್ ಆನ್ ಮಾಡಬೇಡಿ.