ಒಂದೇ ಪೆಟ್ಟಿಗೆಯ ಉಲ್ಲೇಖ ಶೋಧ: ಕೋಲಾರದ ಕಾಲೇಜು ಗ್ರಂಥಾಲಯದಲ್ಲಿ ನನ್ನ ಅನುಭವ

ನಮ್ಮ ಕಾಲೇಜು ಗ್ರಂಥಾಲಯದ ಜಾಲತಾಣದಲ್ಲಿ ಈಗ ಒಂದು ಉದ್ದನೆಯ ಪೆಟ್ಟಿಗೆ ಇದೆ. ವಿದ್ಯಾರ್ಥಿಯು ತನ್ನ ಬಳಿಯಿರುವ ಸೈಟೇಶನ್, ಅಂದರೆ ಲೇಖನದ ಉಲ್ಲೇಖ, ಯಾವ ಶೈಲಿಯಲ್ಲೇ ಇರಲಿ, ಇದ್ದ ಹಾಗೆಯೇ ಅದರಲ್ಲಿ ಅಂಟಿಸಿ ಗುಂಡಿ ಒತ್ತಿದರೆ, ಆ ಲೇಖನ ನಮ್ಮ ಬೈಂಡು ಸಂಪುಟಗಳ ಯಾವ ಕಪಾಟಿನಲ್ಲಿದೆ, ನಮಗೆ ಪ್ರವೇಶವಿರುವ ಇ-ಪತ್ರಿಕೆಗಳಲ್ಲಿ ಸಿಗುತ್ತದೆಯೇ, ಉಚಿತ ಪ್ರತಿ ಎಲ್ಲಾದರೂ ಇದೆಯೇ ಎಂಬ ಮೂರೂ ಉತ್ತರಗಳು ಒಂದೇ ಪುಟದಲ್ಲಿ ಬರುತ್ತವೆ. ನಾನು ಇದಕ್ಕೆ ಕೈ ಹಾಕಿದಾಗ ಜಿಲ್ಲೆಯ ಗ್ರಂಥಪಾಲಕ ಮಿತ್ರರಲ್ಲಿ ಹೆಚ್ಚಿನವರು, ವಿದ್ವತ್ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಇರುವಾಗ ಇದು ವ್ಯರ್ಥ ಶ್ರಮ ಎಂದರು. ನಮ್ಮ ಕಪಾಟುಗಳಲ್ಲಿ ಏನಿದೆ ಎಂಬುದು ಸ್ಕಾಲರ್‌ಗೆ ತಿಳಿಯದು ಎಂಬುದಷ್ಟೇ ಆಗ ನನ್ನ ಉತ್ತರವಾಗಿತ್ತು. ಈಗ ತಿಂಗಳಿಗೆ ಸುಮಾರು 400 ಹುಡುಕಾಟಗಳು ನಡೆಯುತ್ತಿವೆ, ಹತ್ತರಲ್ಲಿ ಏಳೆಂಟು ಸರಿಯಾದ ಲೇಖನವನ್ನೇ ತಲುಪುತ್ತಿವೆ. ಆದ್ದರಿಂದ ಇದನ್ನು ಬರೆಯುವ ಅರ್ಹತೆ ಬಂದಿದೆ ಎಂದುಕೊಂಡಿದ್ದೇನೆ.

ಮೊದಲು ಹಣದ ವಿಚಾರ. ಲಿಂಕ್ ರಿಸಾಲ್ವರ್ (ಉಲ್ಲೇಖದಿಂದ ಲೇಖನದ ಪ್ರತಿಗೆ ಕೊಂಡಿ ಕೊಡುವ ತಂತ್ರಾಂಶ) ಸಮೇತ ಡಿಸ್ಕವರಿ ಸೇವೆ (ಎಲ್ಲ ಸಂಗ್ರಹಗಳನ್ನೂ ಒಟ್ಟಿಗೆ ಹುಡುಕುವ ವ್ಯವಸ್ಥೆ) ಕೊಡುವ ಕಂಪನಿಯೊಂದು ವರ್ಷಕ್ಕೆ ಹೆಚ್ಚುಕಡಿಮೆ 2.5 ಲಕ್ಷ ರೂಪಾಯಿಯ ದರಪಟ್ಟಿ ಕಳುಹಿಸಿತು. ನಮ್ಮ ಇಡೀ ವರ್ಷದ ಪತ್ರಿಕಾ ಚಂದಾ ಅಷ್ಟಿಲ್ಲವಾದ್ದರಿಂದ ಆಡಳಿತ ಮಂಡಳಿ ಅದನ್ನು ಓದಿ ಬದಿಗಿಟ್ಟಿತು. ಅನಂತರ ಜಾಲತಾಣ ಕಟ್ಟಿಕೊಡುವ ಒಬ್ಬರಿಗೆ ಸುಮಾರು 40 ಸಾವಿರ ಕೊಟ್ಟು ಫಾರಂ ಮಾಡಿಸಲಾಯಿತು. ಅವರು ಲೇಖಕ, ಶೀರ್ಷಿಕೆ, ಪತ್ರಿಕೆ, ಐಎಸ್‌ಎಸ್‌ಎನ್ (ಪತ್ರಿಕೆಯ ಎಂಟು ಸ್ಥಾನಗಳ ಗುರುತು ಸಂಖ್ಯೆ), ವರ್ಷ, ಸಂಪುಟ, ಸಂಚಿಕೆ, ಮೊದಲ ಪುಟ, ಕೊನೆಯ ಪುಟ ಎಂದು ಒಂಬತ್ತು ಖಾನೆಗಳನ್ನು ಇಟ್ಟು, ಬಹುಪಾಲು ಖಾನೆಗಳ ಮುಂದೆ ಕಡ್ಡಾಯದ ನಕ್ಷತ್ರ ಹಾಕಿದರು. ಬದಲಾಯಿಸಿ ಎಂದರೆ ಪ್ರತಿ ಬದಲಾವಣೆಗೂ ಬೇರೆ ಬಿಲ್ಲು ಎಂದರು. ಸರ್ವರ್ ಲಾಗ್ ನೋಡಿದರೆ ಪುಟ ತೆರೆದವರಲ್ಲಿ ಮುಕ್ಕಾಲು ಪಾಲು ಗುಂಡಿಯನ್ನೇ ಒತ್ತದೆ ಹೊರಟುಹೋಗುತ್ತಿದ್ದರು.

ಕಾರಣ ತಿಳಿದದ್ದು ಪಕ್ಕದಲ್ಲಿ ಕುಳಿತು ನೋಡಿದಾಗ. ಜಿಲ್ಲೆಯ ಕೊಳವೆ ಬಾವಿಗಳ ಫ್ಲೋರೈಡ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು 2010;98(4):455–60 ಎಂಬ ಮಾದರಿಯ ಉಲ್ಲೇಖವನ್ನು ಹಿಡಿದು ಮೊಬೈಲಿನಲ್ಲಿ ಫಾರಂ ತುಂಬಲು ಕುಳಿತಳು. ಸಂಪುಟದ ಖಾನೆಯಲ್ಲಿ 4, ಸಂಚಿಕೆಯ ಖಾನೆಯಲ್ಲಿ 98, ಕೊನೆಯ ಪುಟಕ್ಕೆ 60 ಎಂದು ಬರೆದಳು. ಅರ್ಧವಿರಾಮದ ಮುಂದಿನದು ಸಂಪುಟ, ಆವರಣದ ಒಳಗಿನದು ಸಂಚಿಕೆ, 60 ಎಂದರೆ 460 ಎಂಬುದು ನಮಗೆ ವೃತ್ತಿಯಿಂದ ಬಂದ ತಿಳಿವಳಿಕೆ. ಉಲ್ಲೇಖವನ್ನು ಬಿಡಿಸುವುದು ಗ್ರಂಥಪಾಲಕನ ಕೆಲಸವೇ ಹೊರತು ಓದುಗನದಲ್ಲ. ಆ ಕೆಲಸವನ್ನು ಫಾರಂ ಅವಳ ತಲೆಗೆ ಕಟ್ಟಿತ್ತು. ಅಂದೇ ಒಂಬತ್ತು ಖಾನೆಗಳನ್ನೂ ತೆಗೆದುಹಾಕಲು ನಿರ್ಧರಿಸಿದೆ.

ಹೊಸ ಫಾರಂಗೆ ಬೇಕಾದದ್ದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಸಣ್ಣ ಕಡತ ಮಾತ್ರ. ಗ್ರಂಥಾಲಯ ತಂತ್ರಾಂಶವಾದ ಕೊಹಾದ ಓಪ್ಯಾಕ್ (ಓದುಗರಿಗಾಗಿ ಇರುವ ಆನ್‌ಲೈನ್ ಸೂಚಿ) ಮುಖಪುಟದಲ್ಲಿ ಪೆಟ್ಟಿಗೆಯನ್ನು ಹೇಗೆ ಕೂರಿಸುವುದೆಂದು ಗ್ರಂಥಪಾಲಕರಾದ ನಿಮಗೆ ಹೇಳಬೇಕಾಗಿಲ್ಲ. ಅಂಟಿಸಿದ ಪಠ್ಯದಲ್ಲಿ ಡಿಒಐ (ಲೇಖನಕ್ಕೆ ಕೊಟ್ಟ ಶಾಶ್ವತ ಡಿಜಿಟಲ್ ಗುರುತು) ಇದ್ದರೆ ಅದನ್ನೇ ಹಿಡಿದು ಮುಂದೆ ಹೋಗುತ್ತದೆ, ಆದರೆ ವಾಕ್ಯದ ಕೊನೆಯ ಪೂರ್ಣವಿರಾಮವೂ ಡಿಒಐಗೆ ಅಂಟಿಕೊಂಡು ಬರುವುದರಿಂದ ಅದನ್ನು ಮೊದಲು ಕತ್ತರಿಸಬೇಕು. ಡಿಒಐ ಇಲ್ಲದಿದ್ದರೆ ಇಡೀ ಸಾಲನ್ನು, ಡಿಒಐಗಳನ್ನು ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ನ ಉಚಿತ ಎಪಿಐಗೆ (ಪ್ರೋಗ್ರಾಂಗಳು ನೇರವಾಗಿ ಮಾಹಿತಿ ಕೇಳುವ ದಾರಿ), ಬಿಬ್ಲಿಯೋಗ್ರಾಫಿಕ್ ಕ್ವೆರಿಯಾಗಿ, ಅಂದರೆ ಉಲ್ಲೇಖದ ವಿವರಗಳ ಹುಡುಕಾಟವಾಗಿ ಕಳುಹಿಸುತ್ತೇನೆ. ಕೋರಿಕೆಯ ಜೊತೆ ನಮ್ಮ ಇ-ಮೇಲ್ ವಿಳಾಸ ಸೇರಿಸಿದ ಮೇಲೆ ಉತ್ತರ ತಡವಾಗುವುದು ಬಹುಮಟ್ಟಿಗೆ ನಿಂತಿತು. ತೊಂದರೆ ಇದ್ದದ್ದು ಬೇರೆ ಕಡೆ: ಕ್ರಾಸ್‌ರೆಫ್ ಬಳಿ ಆ ಲೇಖನ ಇಲ್ಲದಿದ್ದರೂ ಅದಕ್ಕೆ ಹತ್ತಿರವಾದ ಇನ್ನಾವುದೋ ಲೇಖನವನ್ನು ಕೊಟ್ಟುಬಿಡುತ್ತದೆ, ಮತ್ತು ಅದರ ಜೊತೆಗೆ ಬರುವ, ಹೊಂದಿಕೆ ಎಷ್ಟೆಂದು ಸೂಚಿಸುವ ಅಂಕವನ್ನು ಒಂದು ಹುಡುಕಾಟದಿಂದ ಇನ್ನೊಂದಕ್ಕೆ ಹೋಲಿಸಲಾಗುವುದಿಲ್ಲ. ಇಂತಿಷ್ಟು ಅಂಕ ದಾಟಿದರೆ ಸರಿ ಎಂಬ ನಿಯಮ ಇಟ್ಟು ನೋಡಿದ ಕಾಲವೆಲ್ಲ ವ್ಯರ್ಥವಾಯಿತು. ಕೊನೆಗೆ ಅಂಕವನ್ನು ಬದಿಗಿಟ್ಟು, ಬಂದ ಫಲಿತಾಂಶದ ವರ್ಷ, ಸಂಪುಟ ಮತ್ತು ಮೊದಲ ಪುಟ ಅಂಟಿಸಿದ ಸಾಲಿನಲ್ಲಿಯೇ ಇವೆಯೇ ಎಂದು ತಿರುಗಿ ಪರೀಕ್ಷಿಸುವ ದಾರಿ ಹಿಡಿದೆ. ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪೆಟ್ಟಿಗೆ ಸೋತಲ್ಲಿ ಮಾತ್ರ ಪತ್ರಿಕೆ, ಸಂಪುಟ, ಮೊದಲ ಪುಟ ಎಂಬ ಮೂರು ಖಾನೆಗಳು ತೆರೆಯುತ್ತವೆ. ಲೇಖಕ, ಶೀರ್ಷಿಕೆ ಯಾವುದೂ ಬೇಡ, ಈ ಮೂರೇ ಸಾಕು ಎಂದಾಗ ಯಾರೂ ನಂಬಲಿಲ್ಲ. ವರ್ಷವನ್ನೇಕೆ ಕೇಳುವುದಿಲ್ಲ ಎಂದು ಈಗಲೂ ಕೇಳುತ್ತಾರೆ. ಕರೆಂಟ್ ಸೈನ್ಸ್ ಪತ್ರಿಕೆಯನ್ನು ತೆಗೆದುಕೊಳ್ಳಿ. ಅದಕ್ಕೆ ವರ್ಷಕ್ಕೆ ಎರಡು ಸಂಪುಟಗಳು. 2010ರಲ್ಲಿ 98 ಮತ್ತು 99. ಸಂಪುಟದೊಳಗೆ ಪುಟ ಸಂಖ್ಯೆ ಸಂಚಿಕೆಯಿಂದ ಸಂಚಿಕೆಗೆ ಮುಂದುವರಿಯುತ್ತದೆ, ಹೊಸ ಸಂಪುಟಕ್ಕೆ ಮತ್ತೆ 1ರಿಂದ ಆರಂಭವಾಗುತ್ತದೆ. ಆದ್ದರಿಂದ 2010ರಲ್ಲಿ 455ನೆಯ ಪುಟ ಎರಡಿವೆ, ಆದರೆ 98ನೆಯ ಸಂಪುಟದಲ್ಲಿ ಒಂದೇ. ಇದಕ್ಕೆ ಒಗ್ಗದ ಪತ್ರಿಕೆಗಳೂ ಇವೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಪುಟಗಳಲ್ಲಿ ಪುಟ ಸಂಖ್ಯೆ ಸಾವಿರಗಳನ್ನು ದಾಟಿ ಮುಂದುವರಿಯುತ್ತಿತ್ತು, ಈಚಿನ ವರ್ಷಗಳಲ್ಲಿ ಪ್ರತಿ ವಾರವೂ ಹೊಸದಾಗಿ ಎಣಿಕೆಯಾಗುತ್ತದೆ. ಅಂತಹ ಪತ್ರಿಕೆಗಳ ಹೆಸರು ಬಂದಾಗ ಮಾತ್ರ ಸಂಚಿಕೆಯ ಖಾನೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಸಂಪುಟ ಮತ್ತು ಪುಟದ ಖಾನೆಗಳಿಗೆ ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ಬರುವಂತೆ ಮಾಡಿದ್ದು ಬಹಳ ಅನುಕೂಲವಾಯಿತು. ಅದೇ ಉಪಾಯವನ್ನು ಐಎಸ್‌ಎಸ್‌ಎನ್‌ಗೆ ಬಳಸಬೇಡಿ. ಎಂಟನೆಯ ಸ್ಥಾನದಲ್ಲಿ ಎಕ್ಸ್ ಅಕ್ಷರವೂ ಬರಬಹುದಾದ್ದರಿಂದ ಓದುಗ ಅಲ್ಲಿಯೇ ಸಿಕ್ಕಿಕೊಳ್ಳುತ್ತಾನೆ. ಫಾರಂ ಅನ್ನು ಪೋಸ್ಟ್ ವಿಧಾನದಿಂದ, ಹುಡುಕಿದ ವಿವರ ಪುಟದ ವಿಳಾಸದಲ್ಲಿಯೇ ಉಳಿಯುವ ಗೆಟ್ ವಿಧಾನಕ್ಕೆ ಬದಲಿಸಿದ ಮೇಲೆ ಫಲಿತಾಂಶದ ಪುಟವನ್ನೇ ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಳ್ಳಲು ಸಾಧ್ಯವಾಯಿತು. ಬಳಕೆ ಏರಿದ್ದಕ್ಕೆ ಸೂಚನಾ ಫಲಕಗಳಿಗಿಂತ ಇದೇ ಹೆಚ್ಚಿನ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಚ್ಚು ಸಮಯ ತಿಂದದ್ದು ಅಂಟಿಸಿದ ಪಠ್ಯವನ್ನು ಶುಚಿಗೊಳಿಸುವ ಕೆಲಸ. ಪಿಡಿಎಫ್‌ನಿಂದ ಬಂದ ಸಾಲುಗಳು ನಡುವೆ ಮುರಿದಿರುತ್ತವೆ, ಪುಟಗಳ ನಡುವಿನ ಗೆರೆ ಮೂರು ನಾಲ್ಕು ಬಗೆಯದಾಗಿರುತ್ತದೆ, ಕನ್ನಡ ವಿಭಾಗದವರು ೧೯೯೮ ಎಂದು ಕನ್ನಡ ಅಂಕಿಯಲ್ಲಿಯೇ ಬರೆಯುತ್ತಾರೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಕಡತದಿಂದ ಅಂಟಿಸಿದರೆ ಕನ್ನಡದ ಬದಲು ಉಚ್ಚಾರ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ರಾಶಿ ಬರುತ್ತದೆ. ಅದನ್ನು ಗುರುತಿಸಿ ಯೂನಿಕೋಡ್‌ಗೆ ಪರಿವರ್ತಿಸುವ ಭಾಗವೊಂದನ್ನು ಸೇರಿಸಿದ್ದೇನೆ. ಒತ್ತಕ್ಷರಗಳಲ್ಲಿ ಅದು ಇನ್ನೂ ಆಗಾಗ ಎಡವುತ್ತದೆ. ಪತ್ರಿಕೆಗಳ ಹೆಸರಿನ ಸಂಕ್ಷೇಪಗಳಿಗೆ ನಮ್ಮದೇ ಪಟ್ಟಿ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳ ಕೊನೆಯ ಪುಟಗಳಿಂದಲೇ ಆರಿಸಿದ ಸುಮಾರು 600 ರೂಪಗಳು ಅದರಲ್ಲಿವೆ, ತಪ್ಪು ಕಾಗುಣಿತಗಳೂ ಸೇರಿ.

ಇದರ ನಡುವೆ ಇತಿಹಾಸ ವಿಭಾಗದವರ ಒತ್ತಾಯಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ಅವರ ಉಲ್ಲೇಖಗಳಲ್ಲಿ ಅರ್ಧದಷ್ಟು, ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನಗಳು, ಅವಕ್ಕೆ ಡಿಒಐ ಎಲ್ಲಿಂದ ಬರಬೇಕು? ಆದರೆ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಎಂಬ ಅದರ ಕ್ರಮ ಯಾವ ಪತ್ರಿಕೆಗಿಂತಲೂ ಅಚ್ಚುಕಟ್ಟಾಗಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 10ನೆಯ ಸಂಪುಟ ಕೋಲಾರ ಜಿಲ್ಲೆಯದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಗಳೂ ಅದರಲ್ಲೇ ಇವೆ. ಒಂದೇ ಶಾಸನಕ್ಕೆ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಪಾಠ ಎಂದು ಮೂರು ಕಡೆ ಪುಟಗಳಿರುವುದರಿಂದ ಮೂರೂ ಪುಟಗಳಿಗೆ ಸ್ಕ್ಯಾನ್ ಪ್ರತಿಯಲ್ಲಿ ಕೊಂಡಿ ಹಾಕಬೇಕಾಯಿತು. ಬಂಗಾರಪೇಟೆ ಎಂದು ಬರೆದವರನ್ನು ಅದರ ಹಳೆಯ ಹೆಸರಾದ ಬೌರಿಂಗ್‌ಪೇಟೆಗೆ ಕಳುಹಿಸುವ ಸಾಲೂ ಬೇಕಾಯಿತು. ಪರಿಷ್ಕೃತ ಆವೃತ್ತಿಯ ಸಂಪುಟ ಸಂಖ್ಯೆಗಳು ಹಳೆಯವಕ್ಕೆ ಹೊಂದುವುದಿಲ್ಲವಾದ್ದರಿಂದ ಯಾವ ಆವೃತ್ತಿ ಎಂಬ ಪ್ರಶ್ನೆಯನ್ನು ಫಾರಂ ಕೇಳಿಯೇ ಕೇಳುತ್ತದೆ.

ಒಟ್ಟು ಖರ್ಚು, ಆ ಮೊದಲ 40 ಸಾವಿರವನ್ನು ಬಿಟ್ಟರೆ, 30 ಸಾವಿರದ ಒಳಗೇ ಇದೆ. ತಿಂಗಳಿಗೆ ಐನೂರರ ಆಸುಪಾಸಿನ ಸರ್ವರ್ ಬಾಡಿಗೆ, ಉಳಿದದ್ದು ಬೈಂಡು ಸಂಪುಟಗಳ ಪರಿವಿಡಿ ಟೈಪು ಮಾಡಿದ ವಿದ್ಯಾರ್ಥಿಗಳಿಗೆ ಕೊಟ್ಟ ಸಂಭಾವನೆ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಸಂಪುಟಗಳನ್ನು ಈಗ ವಾರಕ್ಕೆ ಹತ್ತು ಹದಿನೈದು ಮಂದಿ ಕೇಳಿ ತೆಗೆಸುತ್ತಾರೆ. ಪ್ರಬುದ್ಧ ಕರ್ನಾಟಕದಂತಹ ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳು ಕ್ರಾಸ್‌ರೆಫ್‌ನಲ್ಲಿ ಸಿಗುವುದಿಲ್ಲವಾದ್ದರಿಂದ ನಮ್ಮಲ್ಲಿರುವ ಸಂಚಿಕೆಗಳ ಪರಿವಿಡಿಯನ್ನು ಈಗ ಅದೇ ಬಗೆಯಲ್ಲಿ ಸೇರಿಸಲಾಗುತ್ತಿದೆ. ವ್ಯರ್ಥ ಶ್ರಮ ಎಂದಿದ್ದವರಲ್ಲಿ ಇಬ್ಬರು ಕಳೆದ ತಿಂಗಳು ಕೋಡ್ ಕೇಳಿದರು, ಸಂತೋಷದಿಂದ ಕೊಟ್ಟಿದ್ದೇನೆ. ಸಂಕ್ಷೇಪಗಳ ಪಟ್ಟಿಯನ್ನು ಮಾತ್ರ, ತಮ್ಮ ಕಾಲೇಜಿನ ವರದಿಗಳಿಂದ ಆರಿಸಿದ ಹೊಸ ರೂಪಗಳನ್ನು ಕಳುಹಿಸಿದವರಿಗೆ ಕೊಡುತ್ತೇನೆ.